ಮನೆಯಲ್ಲಿ ಕಟ್ಟುವ ಗಣಕಯಂತ್ರ



ತೊಗರಿ ಮಾರಿದ ಹಣ ಕೈಗೆ ಬಂದ ಮೇಲೆ, ಇಲ್ಲವೆ ಬೇಸಗೆಯಲ್ಲಿ ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮೇಲೆ, ನಮ್ಮ ಗಡಿನಾಡಿನ ಮನೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಬೇಡಿಕೆ ಕೇಳಿಬರುತ್ತಿದೆ. ಮಗನೋ ಮಗಳೋ ತಂದೆಯ ಮುಂದೆ ಒಂದು ಚೀಟಿಯನ್ನು ಇಡುತ್ತಾರೆ. ಅದರಲ್ಲಿ ಎಂಟು ಹತ್ತು ಸಾಮಾನುಗಳ ಹೆಸರು, ಎದುರಿಗೆ ಬೆಲೆ, ಕೆಳಗೆ ಒಟ್ಟು ಮೊತ್ತ ಎರಡು ಲಕ್ಷ ರೂಪಾಯಿ. ಅಂಗಡಿಯಲ್ಲಿ ಸಿದ್ಧವಾಗಿರುವ ಕಂಪ್ಯೂಟರು ತಮಗೆ ಬೇಡವೆಂದೂ, ಉತ್ತಮವಾದ ಭಾಗಗಳನ್ನು ಆರಿಸಿ ತಂದು ಮನೆಯಲ್ಲಿ ತಾವೇ ಜೋಡಿಸುವುದಾಗಿಯೂ ಅವರು ಹೇಳುತ್ತಾರೆ. ಹಿರಿಯರು ಬೆಚ್ಚಿಬೀಳುವುದು ಸಹಜ. ಅಷ್ಟು ಹಣಕ್ಕೆ ಹೊಲದ ಕೆಲಸವೆಷ್ಟೋ ಆದೀತು. ಮಗಳ ಮದುವೆಗೆಂದು ತೆಗೆದಿರಿಸಿದ ಗಂಟಿನಲ್ಲಿ ಅದು ಸಣ್ಣ ಪಾಲೇನೂ ಅಲ್ಲ.

ಈ ಬೇಡಿಕೆಯನ್ನು ಹುಡುಗಾಟವೆಂದು ತಳ್ಳಿಹಾಕುವುದೂ ಸರಿಯಲ್ಲ. ಮಕ್ಕಳ ಮೋರೆ ನೋಡಿ ಕಣ್ಣು ಮುಚ್ಚಿಕೊಂಡು ಹಣ ಎಣಿಸುವುದೂ ಸರಿಯಲ್ಲ. ಆ ಚೀಟಿಯನ್ನು ಓದುವ ಬಗೆಯೊಂದಿದೆ. ಈ ತಿಂಗಳು ನಾವು ಅದನ್ನು ಹೇಳಬಯಸುತ್ತೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಜಹೀರಾಬಾದ, ನಾರಾಯಣಖೇಡ, ತಾಂಡೂರುಗಳಂಥ ಊರಿನಲ್ಲಿ ಗಣಕಯಂತ್ರ ಕಟ್ಟುವವರು ಚೀಟಿಯಲ್ಲಿನ ಅತಿ ದುಬಾರಿ ವಸ್ತುವನ್ನು ಕೊನೆಗೆ ನೋಡಬೇಕು. ಮನೆಯ ವಿದ್ಯುತ್ತು, ಊರಿನ ಬಿಸಿಲು, ಬೀದಿಯ ಧೂಳು ಇವು ಮೂರನ್ನೂ ಮೊದಲು ನೋಡಬೇಕು.

ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ದೇಶಗಳಲ್ಲಿ ತಯಾರಿಸಿದ ಭಾಗಗಳು ತಾಂಡೂರಿನ ಮನೆಯೊಂದರ ಮೇಜಿನ ಮೇಲೆ ಒಂದಕ್ಕೊಂದು ಹೇಗೆ ಕೂಡಿಕೊಳ್ಳುತ್ತವೆ ಎಂದು ಕೆಲವರಿಗೆ ಸಂದೇಹ ಬರಬಹುದು. ಒಂದು ಕಾಲದಲ್ಲಿ ಅದು ಸಾಧ್ಯವಿರಲಿಲ್ಲ. 1967ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಇ.ಸಿ.ಐ.ಎಲ್. ಸಂಸ್ಥೆ ಟಿ.ಡಿ.ಸಿ. 12 ಎಂಬ ಗಣಕವನ್ನು ತಯಾರಿಸಿದಾಗ ಅಂಥ ಯಂತ್ರಗಳು ದೊಡ್ಡ ಸಂಸ್ಥೆಗಳ ಸೊತ್ತಾಗಿದ್ದವು. 1975ರ ಜನವರಿಯಲ್ಲಿ ಅಮೆರಿಕದ ಪತ್ರಿಕೆಯೊಂದು ಆಲ್ಟೇರ್ 8800 ಎಂಬ ಗಣಕದ ಚಿತ್ರವನ್ನು ಮುಖಪುಟದಲ್ಲಿ ಅಚ್ಚುಮಾಡಿತು. ಬಿಡಿಭಾಗಗಳ ಪೆಟ್ಟಿಗೆಯನ್ನು ಅಂಚೆಯಲ್ಲಿ ತರಿಸಿಕೊಂಡು ಬೆಸುಗೆ ಹಾಕಿ ಕಟ್ಟಬೇಕಾದ ಯಂತ್ರವದು. ಅದರ ನೆನಪಿನ ಶಕ್ತಿ ಕೇವಲ 256 ಬೈಟುಗಳು. ಇಂದು ಸಾಮಾನ್ಯವಾದ 32 ಜಿ.ಬಿ. ರ್‍ಯಾಮ್ ಅದರ 13 ಕೋಟಿ ಪಟ್ಟಿಗೂ ಹೆಚ್ಚು. ಹವ್ಯಾಸಿಗಳ ಕೈಗೆ ಗಣಕ ಬಂದುದು ಆ ಪೆಟ್ಟಿಗೆಯಿಂದ. 1981ರಲ್ಲಿ ಐ.ಬಿ.ಎಂ. ಕಂಪನಿ ತನ್ನ ವೈಯಕ್ತಿಕ ಗಣಕವನ್ನು ಇತರರ ಭಾಗಗಳಿಂದಲೇ ಕಟ್ಟಿ ಅದರ ಒಳರಚನೆಯ ವಿವರವನ್ನು ಪ್ರಕಟಿಸಿದ್ದರಿಂದ ಇತರರೂ ಅದಕ್ಕೆ ಹೊಂದುವ ಭಾಗಗಳನ್ನು ಮಾಡತೊಡಗಿದರು. 1995ರಲ್ಲಿ ಇಂಟೆಲ್ ಕಂಪನಿ ಎ.ಟಿ.ಎಕ್ಸ್. ಎಂಬ ಅಳತೆಯನ್ನು ಗೊತ್ತುಪಡಿಸಿತು. ಮದರ್‌ಬೋರ್ಡಿನ ಉದ್ದಗಲವೆಷ್ಟು, ತಿರುಪಿನ ತೂತುಗಳು ಎಲ್ಲೆಲ್ಲಿರಬೇಕು, ವಿದ್ಯುತ್ತಿನ ತಂತಿ ಎಲ್ಲಿ ಕೂಡಬೇಕು ಎಂಬುದೆಲ್ಲ ಅಂದಿನಿಂದ ಬಹುಮಟ್ಟಿಗೆ ಒಂದೇ ಲೆಕ್ಕ. ತಾಂಡೂರಿನ ಕಲ್ಲನ್ನು ಗೊತ್ತಾದ ಅಳತೆಗೆ ಕೊಯ್ದರೆ ಅದು ಯಾವ ಊರಿನ ನೆಲಕ್ಕಾದರೂ ಕೂಡುವುದಲ್ಲವೆ? ಇದೂ ಹಾಗೆಯೇ.

ಹಾಗಾದರೆ ಜೋಡಿಸಿಕೊಂಡರೆ ಹಣ ಉಳಿಯುವುದೆ? ಯಾವಾಗಲೂ ಉಳಿಯುವುದಿಲ್ಲ. ಸಾಧಾರಣ ಕೆಲಸದ ಗಣಕವಾದರೆ ಸಿದ್ಧ ಯಂತ್ರವೇ ಕೆಲವೊಮ್ಮೆ ಅಗ್ಗವಾದೀತು. ಮೇಲ್ದರ್ಜೆಯ ಯಂತ್ರದಲ್ಲಿ ಮಾತ್ರ ಜೋಡಣೆಗೆ ಬೇರೊಂದು ಲಾಭವಿದೆ. ನಮ್ಮಂಥ ಊರಿನವರಿಗೆ ಅದೇ ದೊಡ್ಡದು. ಯಂತ್ರ ಕೆಟ್ಟಾಗ, ಅದನ್ನು ಕಟ್ಟಿದವರಿಗೆ ಯಾವ ಭಾಗ ಕೆಟ್ಟಿತೆಂದು ಹುಡುಕುವ ದಾರಿ ತಿಳಿದಿರುತ್ತದೆ. ಇಡೀ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹೇರಿಕೊಂಡು ನಾರಾಯಣಖೇಡದಿಂದ ಹೈದರಾಬಾದಿಗೆ ಹೋಗುವ ಬದಲು, ಕೆಟ್ಟ ಒಂದು ಭಾಗವನ್ನು ಚೀಲದಲ್ಲಿಟ್ಟುಕೊಂಡು ಹೋದರೆ ಸಾಕು. ಪ್ರತಿಯೊಂದು ಭಾಗಕ್ಕೂ ಅದರದೇ ವಾರಂಟಿ ಇರುತ್ತದೆ. ಪ್ರೊಸೆಸರಿಗೆ ಸಾಮಾನ್ಯವಾಗಿ ಮೂರು ವರ್ಷ, ಒಳ್ಳೆಯ ಎಸ್.ಎಸ್.ಡಿ.ಗೆ ಐದು ವರ್ಷ, ಉತ್ತಮ ವಿದ್ಯುತ್ ಪೂರೈಕೆಯ ಪೆಟ್ಟಿಗೆಗೆ ಹತ್ತು ವರ್ಷದವರೆಗೂ ಇರುವುದುಂಟು. ಬಿಲ್ಲುಗಳನ್ನು ಒಂದು ಕಡತದಲ್ಲಿ ಜೋಪಾನವಾಗಿಡುವ ಮನೆಗೆ ಮಾತ್ರ ಈ ಲಾಭ ದಕ್ಕುತ್ತದೆ.

ಈಗ ಚೀಟಿಯನ್ನು ಕೈಗೆ ತೆಗೆದುಕೊಳ್ಳೋಣ. ಹಿರಿಯರು ಕೇಳಬೇಕಾದ ಮೊದಲ ಪ್ರಶ್ನೆ, ಈ ಯಂತ್ರದಿಂದ ಮಾಡುವ ಕೆಲಸ ಯಾವುದು ಎಂಬುದು. ಆಟವಾಡುವವರ ಚೀಟಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಅರ್ಧದಷ್ಟು ಹಣ ಹೋಗುವುದು ತಪ್ಪಲ್ಲ. ಮದುವೆಯ ವಿಡಿಯೋ ಕತ್ತರಿಸಿ ಜೋಡಿಸುವ ವೃತ್ತಿಯವರಿಗೆ ರ್‍ಯಾಮ್ ಮತ್ತು ಸಂಗ್ರಹದ ಸ್ಥಳ ಹೆಚ್ಚು ಬೇಕು. ಇಂಜಿನಿಯರಿಂಗ್ ನಕ್ಷೆ ಬಿಡಿಸುವವರಿಗೆ ವೇಗದ ಪ್ರೊಸೆಸರ್ ಬೇಕು. ಕೃತಕ ಬುದ್ಧಿಮತ್ತೆಯ ಅಭ್ಯಾಸ ಮಾಡುವವರಿಗೆ ಗ್ರಾಫಿಕ್ಸ್ ಕಾರ್ಡಿನ ಒಳಗಿನ ಸ್ಮೃತಿಯೇ ಮುಖ್ಯ. ಅದು 16 ಜಿ.ಬಿ.ಯೋ 8 ಜಿ.ಬಿ.ಯೋ ಎಂಬುದರ ಮೇಲೆ ಅವರ ಕೆಲಸ ನಡೆಯುವುದೋ ನಿಲ್ಲುವುದೋ ನಿರ್ಧಾರವಾಗುತ್ತದೆ. 2025ರ ಜನವರಿಯಲ್ಲಿ ಹೊರಬಂದ ಎನ್ವಿಡಿಯಾದ ಆರ್.ಟಿ.ಎಕ್ಸ್. 5090 ಕಾರ್ಡಿನಲ್ಲಿ 32 ಜಿ.ಬಿ. ಇದೆ, ಅದೊಂದರ ಬೆಲೆಯೇ ಎರಡು ಲಕ್ಷವನ್ನು ಮೀರಿತು. ಅಂಥ ಕಾರ್ಡನ್ನು ತಂದು ಹಳೆಯ ಪರದೆಗೆ ಜೋಡಿಸಿದರೆ ಅದರ ಶಕ್ತಿಯೆಲ್ಲ ವ್ಯರ್ಥ; ಪರದೆ ತೋರಿಸಲಾಗದ ಚಿತ್ರಗಳನ್ನು ಕಾರ್ಡು ರಚಿಸುತ್ತ ಕುಳಿತಿರುತ್ತದೆ. ಒಂದೆತ್ತು ಏರಿಗೆ, ಒಂದೆತ್ತು ನೀರಿಗೆ ಎಳೆದರೆ ಬಂಡಿ ಸಾಗದು. ಕೆಲಸ ಯಾವುದೆಂಬ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ಬಾರದಿದ್ದರೆ ಚೀಟಿಯನ್ನು ಮರಳಿ ಕೊಟ್ಟು, ಇನ್ನೊಂದು ತಿಂಗಳು ಯೋಚಿಸಲು ಹೇಳುವುದೇ ಲೇಸು.

ಎರಡನೆಯದಾಗಿ, ಚೀಟಿಯ ಕೊನೆಯಲ್ಲಿ ಸಣ್ಣ ಮೊತ್ತದೊಡನೆ ಬರೆದಿರುವ ಎಸ್.ಎಂ.ಪಿ.ಎಸ್. ಎಂಬ ಹೆಸರನ್ನು ಹುಡುಕಬೇಕು. ಗೋಡೆಯ 230 ವೋಲ್ಟಿನ ವಿದ್ಯುತ್ತನ್ನು 12 ವೋಲ್ಟಿಗೂ ಅದಕ್ಕಿಂತ ಕೆಳಗಿನ ಮಟ್ಟಕ್ಕೂ ಇಳಿಸಿ ಎಲ್ಲ ಭಾಗಗಳಿಗೆ ಹಂಚುವ ಪೆಟ್ಟಿಗೆಯಿದು. ಅದು ಥಳಥಳಿಸುವುದಿಲ್ಲ, ನೆಂಟರಿಗೆ ಕಾಣುವುದಿಲ್ಲ. ಆದುದರಿಂದ ಹಣ ಉಳಿಸಬಯಸುವವರು ಇಲ್ಲಿಯೇ ಕತ್ತರಿ ಆಡಿಸುತ್ತಾರೆ. ಆದರೆ ಕಳಪೆ ಪೆಟ್ಟಿಗೆ ತಾನು ಸುಡುವಾಗ ಒಂದು ಲಕ್ಷದ ಕಾರ್ಡನ್ನೂ ಜೊತೆಗೆ ಕರೆದೊಯ್ಯಬಲ್ಲದು. ಆರ್.ಟಿ.ಎಕ್ಸ್. 5080 ಕಾರ್ಡು ತಾನೊಂದೇ 360 ವಾಟ್ ಬೇಡುತ್ತದೆ, 5090 ಕಾರ್ಡು 575 ವಾಟ್. ಮೊದಲನೆಯದಕ್ಕೆ 850 ವಾಟ್, ಎರಡನೆಯದಕ್ಕೆ 1000 ವಾಟ್ ಸಾಮರ್ಥ್ಯದ ಪೆಟ್ಟಿಗೆ ಇರಬೇಕೆಂದು ತಯಾರಕರೇ ಹೇಳುತ್ತಾರೆ. ಪೆಟ್ಟಿಗೆಯ ಮೇಲೆ 80 ಪ್ಲಸ್ ಗೋಲ್ಡ್ ಎಂಬ ಗುರುತಿದ್ದರೆ, ಅರ್ಧ ಭಾರ ಹೊತ್ತಾಗ ಅದು ಎಳೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಭಾಗಗಳಿಗೆ ತಲುಪುತ್ತದೆ, ಉಳಿದದ್ದು ಮಾತ್ರ ಶಾಖವಾಗಿ ಹೋಗುತ್ತದೆ ಎಂದು ಅರ್ಥ.

ಎಷ್ಟೋ ಚೀಟಿಗಳಲ್ಲಿ ಇನ್ನೆರಡು ಸಾಲುಗಳು ಇರುವುದೇ ಇಲ್ಲ: ಅರ್ಥಿಂಗ್ ಮತ್ತು ಯು.ಪಿ.ಎಸ್. ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ಗು ಇದ್ದರೂ ಮೇಲಿನ ದೊಡ್ಡ ತೂತಿಗೆ ತಂತಿಯೇ ಜೋಡಣೆಯಾಗಿರದೆ ಇರುವುದುಂಟು. ಗಣಕದ ಲೋಹದ ಪೆಟ್ಟಿಗೆಯನ್ನು ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುವುದು ಈ ಕೊರತೆಯ ಸಾಮಾನ್ಯ ಲಕ್ಷಣ. ಬಲ್ಲ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗಿನ ಗುಂಡಿಯನ್ನು ಪರೀಕ್ಷಿಸಿ ಸರಿಪಡಿಸಲು ತಗಲುವ ಖರ್ಚು ಒಂದು ರ್‍ಯಾಮ್ ಪಟ್ಟಿಯ ಬೆಲೆಯಷ್ಟೂ ಆಗಲಾರದು. ಅದರ ಪ್ರಯೋಜನವೋ ಮನೆಮಂದಿಗೆಲ್ಲ. ಯು.ಪಿ.ಎಸ್. ಕೊಳ್ಳುವಾಗ ವಿ.ಎ. ಮತ್ತು ವಾಟ್ ಒಂದೇ ಎಂದು ತಿಳಿಯಬಾರದು. 1000 ವಿ.ಎ. ಎಂದು ಬರೆದಿರುವ ಸಾಧಾರಣ ಯು.ಪಿ.ಎಸ್. ಹೊರಬಲ್ಲದ್ದು ಅನೇಕ ವೇಳೆ 600 ವಾಟ್ ಮಾತ್ರ. ಇಂದಿನ ಉತ್ತಮ ಎಸ್.ಎಂ.ಪಿ.ಎಸ್.ಗಳಿಗೆ ಸೈನ್ ತರಂಗದ ಯು.ಪಿ.ಎಸ್. ಹೊಂದುತ್ತದೆ, ಫ್ಯಾನು ದೀಪಗಳಿಗೆಂದು ಇಟ್ಟಿರುವ ಹಳೆಯ ಚೌಕ ತರಂಗದ ಇನ್‌ವರ್ಟರಿನ ಮೇಲೆ ಇಷ್ಟು ಭಾರದ ಯಂತ್ರವನ್ನು ನಡೆಸುವುದು ವಿವೇಕವಲ್ಲ. ಯು.ಪಿ.ಎಸ್. ಇರುವುದು ಕರೆಂಟು ಹೋದ ಮೇಲೂ ಆಟ ಮುಂದುವರಿಸುವುದಕ್ಕಲ್ಲ. ಕೆಲಸವನ್ನು ಉಳಿಸಿಕೊಂಡು ಯಂತ್ರವನ್ನು ಕ್ರಮವಾಗಿ ನಿಲ್ಲಿಸುವುದಕ್ಕೆ.

ಇನ್ನು ಬಿಸಿಲು. ಯಾವ ಫ್ಯಾನೂ ಕೋಣೆಯ ಗಾಳಿಗಿಂತ ಕಡಿಮೆ ಶಾಖಕ್ಕೆ ಪ್ರೊಸೆಸರನ್ನು ಇಳಿಸಲಾರದು. ಹವಾನಿಯಂತ್ರಿತ ಕೋಣೆಯಲ್ಲಿ 70 ಡಿಗ್ರಿ ತೋರಿಸುವ ಯಂತ್ರ, ಮೇ ತಿಂಗಳಲ್ಲಿ 40 ಡಿಗ್ರಿ ಕಾಯ್ದ ನಮ್ಮ ಕೋಣೆಯಲ್ಲಿ ಅದೇ ಕೆಲಸಕ್ಕೆ 85 ಡಿಗ್ರಿಗೆ ಏರುತ್ತದೆ. ಇಂದಿನ ರೈಜೆನ್ ಪ್ರೊಸೆಸರುಗಳಲ್ಲಿ ಹೆಚ್ಚಿನವು 95 ಡಿಗ್ರಿ ಮುಟ್ಟಿದರೆ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಅಂದರೆ ವೇಗಕ್ಕೆಂದು ಹೆಚ್ಚು ಹಣ ಕೊಟ್ಟು, ನಡು ಬೇಸಗೆಯಲ್ಲಿ ಆ ವೇಗವನ್ನೇ ಕಳೆದುಕೊಂಡಂತೆ. ಆದುದರಿಂದ ಗಾಜಿನ ಮುಖದ, ಬಣ್ಣದ ದೀಪಗಳ ಕ್ಯಾಬಿನೆಟ್ಟಿಗಿಂತ, ಮುಂಭಾಗದಲ್ಲಿ ಜಾಲರಿಯಿದ್ದು ಗಾಳಿ ಸರಾಗವಾಗಿ ಹಾಯುವ ಕ್ಯಾಬಿನೆಟ್ಟು ನಮಗೆ ತಕ್ಕದ್ದು. ಗಾಳಿಯ ಜೊತೆಗೆ ಧೂಳೂ ಬರುವುದಷ್ಟೆ. ಕಲ್ಲು ಕೊಯ್ದು ನಯಗೊಳಿಸುವ ತಾಂಡೂರಿನಲ್ಲಿ ಸುಣ್ಣಕಲ್ಲಿನ ಪುಡಿ ಹಾರುತ್ತದೆ; ಹೆದ್ದಾರಿಯ ಜಹೀರಾಬಾದಿನಲ್ಲಿ ರಸ್ತೆಯ ಧೂಳು. ಇದಕ್ಕೆ ಉಪಾಯ ಸುಲಭ. ಗಾಳಿ ಒಳಗೆಳೆಯುವ ಫ್ಯಾನುಗಳ ಮುಂದೆ ತೆಗೆದು ತೊಳೆಯಬಲ್ಲ ಜಾಲರಿ ಇರಲಿ. ಹೊರದೂಡುವ ಫ್ಯಾನುಗಳಿಗಿಂತ ಒಳಗೆಳೆಯುವವು ಒಂದು ಹೆಚ್ಚಿರಲಿ. ಹಾಗಿದ್ದರೆ ಒಳಗಿನ ಗಾಳಿಯ ಒತ್ತಡ ತುಸು ಹೆಚ್ಚಾಗಿ, ಸಂದುಗೊಂದುಗಳಿಂದ ಧೂಳು ನುಸುಳುವುದು ತಗ್ಗುತ್ತದೆ. ಯಂತ್ರವನ್ನು ನೆಲದ ಮೇಲಿಡದೆ ಮೇಜಿನ ಮೇಲಿಡಬೇಕು; ತಿಂಗಳಿಗೊಮ್ಮೆ ಜಾಲರಿಯನ್ನು ತೊಳೆದು ಒಣಗಿಸಬೇಕು.

ಗೃಹಿಣಿಯರು ಕೇಳಬೇಕಾದ ಲೆಕ್ಕವೊಂದಿದೆ. ಪರದೆಯೂ ಸೇರಿ 600 ವಾಟ್ ಎಳೆಯುವ ಯಂತ್ರ ದಿನಕ್ಕೆ ನಾಲ್ಕು ಗಂಟೆ ಪೂರ್ಣ ಶಕ್ತಿಯಲ್ಲಿ ನಡೆದರೆ 2.4 ಯೂನಿಟ್ ಆಯಿತು; ತಿಂಗಳಿಗೆ 72 ಯೂನಿಟ್. ತೆಲಂಗಾಣದಲ್ಲಿ 2024ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಂತೆ ಅರ್ಹ ಕುಟುಂಬಗಳಿಗೆ ತಿಂಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ತು ಉಚಿತ. ಬೇಸಗೆಯಲ್ಲಿ ಕೂಲರು ಓಡುತ್ತಿರುವ ಮನೆ 150 ಯೂನಿಟ್ ಬಳಸುತ್ತಿದ್ದರೆ, ಈ 72 ಸೇರಿದಾಗ ಎಲ್ಲೆ ದಾಟಿ ಬಿಲ್ಲು ಕಟ್ಟಬೇಕಾಗುತ್ತದೆ. ಯಂತ್ರದ ಬೆಲೆಯನ್ನು ಒಮ್ಮೆ ಕೊಡುತ್ತೇವೆ, ಅದರ ಮೇವನ್ನು ಪ್ರತಿ ತಿಂಗಳೂ ಒದಗಿಸಬೇಕು. ಈ ಲೆಕ್ಕವನ್ನು ಕೊಳ್ಳುವ ಮುನ್ನವೇ ಮಕ್ಕಳಿಂದ ಮಾಡಿಸುವುದು ಒಳ್ಳೆಯದು.

ಭಾಗಗಳನ್ನು ಎಲ್ಲಿ ಕೊಳ್ಳುವುದು? ನಮಗೆ ಹತ್ತಿರದ ದೊಡ್ಡ ಪೇಟೆಯೆಂದರೆ ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್, ಸಿ.ಟಿ.ಸಿ. ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಬೆಂಗಳೂರಿಗೆ ಹೋಗಿಬರುವವರಿಗೆ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಪರಿಚಿತವೇ. ಜಿ.ಎಸ್.ಟಿ. ಎರಡು ರಾಜ್ಯಗಳಲ್ಲಿಯೂ ನೂರಕ್ಕೆ 18ರಂತೆ ಒಂದೇ ಆಗಿರುವುದರಿಂದ ಗಡಿ ದಾಟಿ ಕೊಂಡರೆ ತೆರಿಗೆಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬಿಲ್ಲಿಲ್ಲದೆ ಕೊಟ್ಟರೆ ಅಗ್ಗವೆಂಬ ಮಾತಿಗೆ ಮಾತ್ರ ಕಿವಿಗೊಡಬಾರದು. ಬಿಲ್ಲಿನೊಡನೆ ವಾರಂಟಿಯೂ ಹೋಗುತ್ತದೆ. ಕೃತಕ ಬುದ್ಧಿಮತ್ತೆಯ ಬೃಹತ್ ಕೇಂದ್ರಗಳು ಸ್ಮೃತಿ ಚಿಪ್ಪುಗಳನ್ನು ಹೇರಳವಾಗಿ ಸೆಳೆದುಕೊಂಡ ಕಾರಣ 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ಹಲವು ಪಟ್ಟು ಏರಿತು. ಹೀಗಾಗಿ ಹಿಂದಿನ ವರ್ಷ ಗೆಳೆಯರು ಮಾಡಿದ ಚೀಟಿಯನ್ನು ನಂಬದೆ, ಕೊಳ್ಳುವ ವಾರದ ಬೆಲೆಯನ್ನೇ ಬರೆದುಕೊಳ್ಳಬೇಕು. ಮದರ್‌ಬೋರ್ಡಿನಲ್ಲಿ ನಾಲ್ಕು ಕಿಂಡಿಗಳಿದ್ದರೂ ಡಿ.ಡಿ.ಆರ್. 5 ರ್‍ಯಾಮನ್ನು ಎರಡು ಪಟ್ಟಿಗಳ ಜೋಡಿಯಾಗಿ ಕೊಳ್ಳುವುದು ಮೇಲು. ನಾಲ್ಕನ್ನೂ ತುಂಬಿದರೆ ಸಾಮಾನ್ಯವಾಗಿ ವೇಗ ಕುಗ್ಗುತ್ತದೆ.

ಜೋಡಣೆಯ ದಿನ ಆತುರ ಸಲ್ಲದು. ಸಲಕರಣೆಯೆಂದರೆ ಕಾಂತದ ತುದಿಯ ಒಂದು ಸ್ಟಾರ್ ಸ್ಕ್ರೂಡ್ರೈವರ್, ತಿರುಪುಗಳನ್ನು ಇಡಲು ಒಂದು ಬಟ್ಟಲು, ಒಳ್ಳೆಯ ಬೆಳಕು. ಚಳಿಗಾಲದ ಒಣ ಹವೆಯಲ್ಲಿ ಮೈಯಲ್ಲಿ ಸ್ಥಿರವಿದ್ಯುತ್ತು ಸೇರಿಕೊಳ್ಳುವುದರಿಂದ ಆಗಾಗ ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟುತ್ತಿರಬೇಕು. ನೈಲಾನ್ ಉಡುಪಿಗಿಂತ ಹತ್ತಿಯ ಬಟ್ಟೆ ಲೇಸು. ಮೊದಲು ಮದರ್‌ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಪ್ರೊಸೆಸರನ್ನು ಕೂಡಿಸಬೇಕು. ಮೂಲೆಯಲ್ಲಿರುವ ಸಣ್ಣ ತ್ರಿಕೋನದ ಗುರುತು ಎರಡರಲ್ಲಿಯೂ ಒಂದೇ ಕಡೆಗಿರಬೇಕು. ಸಾಕೆಟ್ಟಿನಲ್ಲಿ ಕೂದಲಿನಂಥ ಸಾವಿರಕ್ಕೂ ಮೀರಿದ ಪಿನ್ನುಗಳಿರುತ್ತವೆ, ಎ.ಎಂ.ಡಿ.ಯ ಎ.ಎಂ. 5 ಸಾಕೆಟ್ಟಿನಲ್ಲಿ 1718. ಅವಕ್ಕೆ ಬೆರಳು ತಾಗಬಾರದು. ಒಂದು ಬಾಗಿದರೂ ಬೋರ್ಡಿಗೆ ಕುತ್ತು. ಬಳಿಕ ರ್‍ಯಾಮಿನ ಎರಡು ಪಟ್ಟಿಗಳನ್ನು ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಕಿಂಡಿಗಳಲ್ಲಿ, ಚಿಟಿಕೆ ಸದ್ದಾಗುವವರೆಗೆ ಒತ್ತಬೇಕು. ಎಸ್.ಎಸ್.ಡಿ.ಯನ್ನು ಕೂಡಿಸಿದ ಮೇಲೆ ಪ್ರೊಸೆಸರಿನ ಬೆನ್ನಿಗೆ ಕಡಲೆಕಾಳಿನಷ್ಟು ಶಾಖವಾಹಕ ಲೇಪವನ್ನಿಟ್ಟು ಕೂಲರನ್ನು ಬಿಗಿಯಬೇಕು. ಕೂಲರಿನ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಕೀಳುವುದನ್ನು ಮರೆಯುವವರು ಬಹಳ.

ಆ ಮೇಲೆ ಬೋರ್ಡನ್ನು ಕ್ಯಾಬಿನೆಟ್ಟಿನ ಹಿತ್ತಾಳೆಯ ಗೂಟಗಳ ಮೇಲೆ ಕೂಡಿಸಿ, ಎಸ್.ಎಂ.ಪಿ.ಎಸ್. ತಂತಿಗಳನ್ನು ಜೋಡಿಸಿ, ಕೊನೆಗೆ ಗ್ರಾಫಿಕ್ಸ್ ಕಾರ್ಡನ್ನು ಇಡಬೇಕು. ಹೊಸ ಕಾರ್ಡುಗಳ ಹದಿನಾರು ಪಿನ್ನಿನ ವಿದ್ಯುತ್ ಜೋಡಣೆಯಲ್ಲಿ ವಿಶೇಷ ಎಚ್ಚರ ಬೇಕು. 2022ರಲ್ಲಿ ಆರ್.ಟಿ.ಎಕ್ಸ್. 4090 ಕಾರ್ಡು ಹೊರಬಂದಾಗ ಈ ಬಗೆಯ ಜೋಡಣೆಗಳು ಕರಗಿದ ಸುದ್ದಿ ಲೋಕಕ್ಕೆಲ್ಲ ತಿಳಿಯಿತು. ಪ್ಲಗ್ಗು ಪೂರ್ತಿಯಾಗಿ ಒಳಸೇರದಿದ್ದುದು ಅದಕ್ಕೆ ಕಂಡುಬಂದ ಕಾರಣಗಳಲ್ಲೊಂದು. ಸಂದು ಕಾಣದಂತೆ ಒತ್ತಿ, ತಂತಿಯನ್ನು ಬುಡದಲ್ಲಿಯೇ ಬಾಗಿಸದೆ ಬಿಡಬೇಕು. ಮೊದಲ ಸಲ ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿ, ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಡಿ.ಡಿ.ಆರ್. 5 ರ್‍ಯಾಮನ್ನು ಮದರ್‌ಬೋರ್ಡು ಪರೀಕ್ಷಿಸಿ ಹೊಂದಿಸಿಕೊಳ್ಳುವ ಕಾಲವದು. ಯಂತ್ರ ಸತ್ತಿತೆಂದು ಗಾಬರಿಯಾಗಿ ಪ್ಲಗ್ಗು ಕೀಳದೆ ಕಾಯುವ ತಾಳ್ಮೆ ಬೇಕು.

ಇಷ್ಟೆಲ್ಲ ಓದಿದ ಮೇಲೆ, ತಮ್ಮಲ್ಲಿ ಎರಡು ಲಕ್ಷವಿಲ್ಲವೆಂದು ನಿರಾಶರಾಗುವ ಮಕ್ಕಳಿಗೆ ಒಂದು ಮಾತು. ಬಿಡಿಭಾಗದ ಗಣಕವನ್ನು ಮನೆಯಂತೆ ಅಂಕಣ ಅಂಕಣವಾಗಿ ಕಟ್ಟಬಹುದು. ಈ ವರ್ಷ ಉತ್ತಮ ಮದರ್‌ಬೋರ್ಡು, ಉತ್ತಮ ಎಸ್.ಎಂ.ಪಿ.ಎಸ್., ಗ್ರಾಫಿಕ್ಸ್ ಒಳಗೊಂಡಿರುವ ಸಾಧಾರಣ ಪ್ರೊಸೆಸರ್ ಸಾಕು. ಕಾರ್ಡು ಎರಡು ಸುಗ್ಗಿಯ ಬಳಿಕ ಬರಲಿ. 2022ರಲ್ಲಿ ಬಂದ ಎ.ಎಂ. 5 ಸಾಕೆಟ್ಟಿಗೆ 2027 ಮತ್ತು ಅದರಾಚೆಗೂ ಹೊಸ ಪ್ರೊಸೆಸರುಗಳನ್ನು ಕೊಡುವುದಾಗಿ ಎ.ಎಂ.ಡಿ. ಪ್ರಕಟಿಸಿದೆ. ಬುನಾದಿ ಗಟ್ಟಿಯಿದ್ದರೆ ಮೇಲಂತಸ್ತು ಯಾವಾಗಲಾದರೂ ಏರೀತು. ಸಾಲ ಮಾಡಿ ಒಮ್ಮೆಗೇ ಏರಿಸಬೇಕಾಗಿಲ್ಲ.

ಹಿರಿಯರಿಗೂ ಒಂದು ಮಾತು. ಈ ಯಂತ್ರದಿಂದ ಮಗುವಿಗೆ ನೌಕರಿ ಸಿಕ್ಕಿಯೇ ಸಿಗುವುದೆಂದು ನಾವು ಭರವಸೆ ಕೊಡಲಾರೆವು. ಆದರೆ ಕೆಲಸಕ್ಕೆ ತಕ್ಕ ಸಾಧನವನ್ನು ಆರಿಸುವುದು, ನಾಲ್ಕು ಅಂಗಡಿ ವಿಚಾರಿಸುವುದು, ವಿದ್ಯುತ್ತಿನ ಲೆಕ್ಕ ಹಾಕುವುದು, ಬಿಲ್ಲು ಕಾಪಾಡುವುದು, ಕೆಟ್ಟುದನ್ನು ಕಾರಣ ಹುಡುಕಿ ಸರಿಪಡಿಸುವುದು, ಇವೆಲ್ಲ ಒಂದೇ ಕೆಲಸದಲ್ಲಿ ಕಲಿಯುವ ಸಂದರ್ಭಗಳು ಹೆಚ್ಚಿಲ್ಲ. ಹಣ ಕೊಡುವುದಾದರೆ ಲೆಕ್ಕದ ಪುಸ್ತಕವನ್ನೂ ಜೊತೆಗೇ ಕೊಡಿರಿ. ಅರ್ಥಿಂಗ್ ಸರಿಯಾಗದೆ ಮೊದಲ ಭಾಗ ಮನೆಯೊಳಗೆ ಬರಕೂಡದೆಂದು ಕರಾರು ಮಾಡಿರಿ. ಜೋಡಣೆಯ ದಿನ ಪಕ್ಕದಲ್ಲಿ ಕುಳಿತು ನೋಡಿರಿ.

ಕಡೆಯದಾಗಿ, ಯಾವ ಚೀಟಿಯಲ್ಲಿಯೂ ಕಾಣದ, ಕಾಸಿನ ಖರ್ಚೂ ಇಲ್ಲದ ಒಂದು ಭಾಗದ ಮಾತು. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಜಹೀರಾಬಾದ, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಇಂದು ನಮ್ಮ ಮಕ್ಕಳಲ್ಲಿ ಹಲವರು ತೆಲುಗಿನಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ ಓದುತ್ತಾರೆ. ಕನ್ನಡ ಅಡುಗೆಮನೆಯಲ್ಲಿ, ಜಗುಲಿಯಲ್ಲಿ ಉಳಿದಿದೆ. ಗಣಕಕ್ಕೆ ಈ ಭೇದವಿಲ್ಲ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಪಟ್ಟಿಯಲ್ಲಿ ತೆಲುಗಿಗೂ ಕನ್ನಡಕ್ಕೂ ತಲಾ 128 ಸ್ಥಾನಗಳಿವೆ. ತೆಲುಗಿನ ಸಾಲು ಮುಗಿದ ಮರು ಸ್ಥಾನದಲ್ಲಿಯೇ ಕನ್ನಡದ ಸಾಲು ಆರಂಭವಾಗುತ್ತದೆ. ನಡುವೆ ಒಂದು ಅಕ್ಷರದ ತೆರಪೂ ಇಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಉಚ್ಚಾರಣಾನುಸಾರಿ ಕೀಲಿಮಣೆಯ ವಿನ್ಯಾಸ ಉಚಿತವಾದ ಲಿನಕ್ಸ್‌ನಲ್ಲಿ ಸಿಗುತ್ತದೆ. ವಿಂಡೋಸ್‌ನಲ್ಲಿಯೂ ಕನ್ನಡ ಕೀಲಿಮಣೆಯನ್ನು ನಾಲ್ಕು ಗುಂಡಿಗಳನ್ನೊತ್ತಿ ಸೇರಿಸಬಹುದು.

ಯಂತ್ರ ಮೊದಲ ಬಾರಿಗೆ ಕಣ್ಣು ತೆರೆದ ದಿನ ಆ ಕೆಲಸವೂ ನಡೆದುಹೋಗಲಿ. ಬಳಿಕ ಅಜ್ಜಿಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಅವರ ಹೆಸರನ್ನು ಪರದೆಯ ಮೇಲೆ ಕನ್ನಡದಲ್ಲಿ ಮೂಡಿಸಿ ತೋರಿಸಲಿ. ಎರಡು ಲಕ್ಷದ ಯಂತ್ರಕ್ಕೆ ಅದಕ್ಕಿಂತ ಒಳ್ಳೆಯ ಮೊದಲ ಕೆಲಸ ನಮಗಂತೂ ತೋರುವುದಿಲ್ಲ.